ರೊಟ್ಟಿ ಬಡಿಯುವವರು ಫಲಾನುಭವಿಗಳಲ್ಲ

ಮುಂಬೈಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದ ಮರಾಠಿ ತಾಯಿಯೊಬ್ಬರು ಲಿಜ್ಜತ್ ಹಪ್ಪಳ ಲಟ್ಟಿಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಡಬ್ಬಿ ಹಿಡಿದು ಶಾಖೆಗೆ ಹೋಗುವುದು, ನಿನ್ನೆ ಒಣಗಿಸಿದ ಹಪ್ಪಳ ತೂಕಕ್ಕೆ ಹಾಕುವುದು, ಲಟ್ಟಿಸಿದ್ದರ ದುಡ್ಡು ಎಣಿಸಿಕೊಂಡು ಇವತ್ತಿನ ಉದ್ದಿನ ಹಿಟ್ಟು ತುಂಬಿಕೊಂಡು ಬರುವುದು. ಆ ದುಡ್ಡಿಗೆ ಅವರಲ್ಲಿ ‘ವಣಾಯಿ’ ಅನ್ನುತ್ತಾರೆ. ಹೊಸದರಲ್ಲಿ ನಾನು, "ಮಾವಶಿ, ಎಲ್ಲಿ ಕೆಲಸಕ್ಕೆ ಹೋಗ್ತೀರಿ?" ಎಂದು ಕೇಳಿದ್ದೆ. "ಕೆಲಸಕ್ಕಲ್ಲಪ್ಪಾ, ಸಂಸ್ಥೆ ನಮ್ಮದೇ" ಅಂದರು. ಆ ‘ನಮ್ಮದೇ’ ಅನ್ನೋ ಮಾತು ನನ್ನ ತಲೆಯಿಂದ ಇವತ್ತಿಗೂ ಇಳಿದಿಲ್ಲ.

1959ರ ಮಾರ್ಚ್ 15ರಂದು ಗಿರಗಾಂವದ ಒಂದು ಕಟ್ಟಡದ ಮಾಳಿಗೆ ಮೇಲೆ ಏಳು ಮಂದಿ ಗುಜರಾತಿ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಇದನ್ನು ಶುರು ಮಾಡಿದರು. ಮೊದಲ ದಿನ ಆದದ್ದು ನಾಲ್ಕು ಪಾಕೀಟು ಹಪ್ಪಳ. ಲುಕ್ಸಾನು ಆದರೂ ಸರಿ, ಯಾರ ಹತ್ತಿರವೂ ದೇಣಿಗೆಗೆ ಕೈ ಚಾಚುವುದಿಲ್ಲ ಎಂದು ಆಗಲೇ ನಿರ್ಧರಿಸಿದ್ದರು. ಕಾಗದದ ಮೇಲೆ ಅದು ಸೊಸೈಟಿ, ಪಬ್ಲಿಕ್ ಟ್ರಸ್ಟ್. ಅಂಗಡಿಯ ಕಟ್ಟೆ ಮೇಲೆ ಅದು ದೊಡ್ಡ ಬ್ರಾಂಡ್. ಲಟ್ಟಿಸುವ ಪ್ರತಿಯೊಬ್ಬಳೂ ‘ಬೆಹನ್’, ಅಂದರೆ ಅಕ್ಕ-ತಂಗಿ; ಜೊತೆಗೆ ಒಡತಿಯೂ. ಆಡಳಿತ ಮಂಡಳಿಯಲ್ಲಿ ಕೂರುವವರೂ ಅವರೇ. ಲಾಭ ಬಂದರೆ ಹಂಚಿಕೊಳ್ಳುತ್ತಾರೆ, ನಷ್ಟ ಬಂದರೂ ಹಂಚಿಕೊಳ್ಳುತ್ತಾರೆ. ಇದನ್ನು ವ್ಯಾಪಾರ ಅನ್ನಬೇಕೋ ಸೇವೆ ಅನ್ನಬೇಕೋ ಎಂದು ಮಾವಶಿ ಒಂದು ದಿನವೂ ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಲಿಲ್ಲ.

ಈಗ ಗದಗಿನ ಪಕ್ಕದ ನಮ್ಮ ಬೆಟಗೇರಿಗೆ ಬರುತ್ತೇನೆ. ನಮ್ಮ ಚಿಗವ್ವ ಮತ್ತು ಆಕೆಯ ಓಣಿಯ ಒಂಬತ್ತು ಮಂದಿ ಸೇರಿ ಖಡಕ್ ರೊಟ್ಟಿ ಮಾಡುತ್ತಾರೆ. ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟು, ಬಡಿಯುವಾಗ ಅಂಗೈಯ ಸಪ್ಪಳಕ್ಕೆ ತಕ್ಕಂತೆ ಬಳೆಗಳು, ಹಂಚಿನ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿದಾಗ ಏಳುವ ಹಬೆ. ಆಮೇಲೆ ಒಲೆಯ ಬಾಯಿಗೆ ಒರಗಿಸಿಟ್ಟು ಒಣಗಿಸಬೇಕು. ತುಸು ಹಸಿ ಉಳಿದರೂ ನಾಲ್ಕನೇ ದಿನಕ್ಕೆ ಬೂಸಲು ಹಿಡಿಯುತ್ತದೆ, ತುಸು ಹೆಚ್ಚಾದರೆ ಪಾಕೀಟಿನಲ್ಲೇ ಪುಡಿ. ಚಿಗವ್ವ ರೊಟ್ಟಿಯನ್ನು ಬೆರಳಲ್ಲಿ ತಟ್ಟಿ ಸಪ್ಪಳದಿಂದಲೇ ಹೇಳುತ್ತಾಳೆ, ಇದು ತಿಂಗಳು ಬಾಳುತ್ತದೆ, ಇದು ಇವತ್ತೇ ಉಣ್ಣುವುದು ಎಂದು.

ಇವರಿಗೆ ಒಂದು ಸಂಸ್ಥೆ ಬೆಂಬಲಕ್ಕೆ ಬಂತು. ಬಂದವರು ಒಳ್ಳೆಯ ಮನಸ್ಸಿನವರೇ. ತರಬೇತಿ ಕೊಟ್ಟರು, ಹಿಟ್ಟು ನಾದುವ ಯಂತ್ರ ಕೊಟ್ಟರು, ಚೆಂದದ ಪಾಕೀಟು ಮಾಡಿಸಿದರು. ಯೋಜನೆ ಮೂರು ವರ್ಷದ್ದು. ಮುಗಿದ ಮೇಲೆ ಮಾರುವ ಜನ ಹೋದರು, ಕೊಳ್ಳುವವರ ಪಟ್ಟಿ ಅವರ ಜೊತೆಗೇ ಹೋಯಿತು. ಕಳೆದ ದೀಪಾವಳಿಗೆ ನಾನು ಊರಿಗೆ ಹೋದಾಗ ಯಂತ್ರದ ಮೇಲೆ ಹಳೇ ಕೌದಿ ಹೊದಿಸಿತ್ತು. "ರೊಟ್ಟಿ ನಮ್ಮವು, ಪಾಕೀಟಿನ ಮ್ಯಾಲಿನ ಹೆಸರು ಅವರದು" ಅಂದಳು ಚಿಗವ್ವ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಆ ಸಂಸ್ಥೆಯ ವರದಿಯಲ್ಲಿ ಈ ಹತ್ತು ಮಂದಿಯನ್ನು ‘ಫಲಾನುಭವಿಗಳು’ ಎಂದು ಬರೆದಿದ್ದರು. ನನ್ನ ತಕರಾರು ಇಡಿಯಾಗಿ ಆ ಒಂದು ಶಬ್ದದ ಮೇಲೆ. ಉದ್ಯಮ ಯಾವುದು, ಸೇವೆ ಯಾವುದು ಎಂಬ ಗೆರೆ ಅಳಿಸಿ ಹೋಗುತ್ತಿದೆ ಎಂದು ಈಗ ಎಲ್ಲರೂ ಮಾತಾಡುತ್ತಾರೆ. ಅಳಿಸಲಿ, ನನಗೆ ಸಂತೋಷವೇ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಬಂತು. 2022ರಲ್ಲಿ ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಸಾಮಾಜಿಕ ಷೇರುಪೇಟೆಗೆ ನಿಯಮ ಮಾಡಿತು. ಅಲ್ಲಿ ಸೇವಾ ಸಂಸ್ಥೆಗಳು ಹೊರಡಿಸುವ, ಬಡ್ಡಿಯೂ ಬಾರದ ಅಸಲೂ ಬಾರದ ಪತ್ರಕ್ಕೆ ಜನ ದುಡ್ಡು ಹಾಕಬಹುದು. ಹುಬ್ಬಳ್ಳಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಕಂಪನಿ ಕಟ್ಟಿದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ನಮ್ಮ ಕಡೆ ಇಂಥ ಉದ್ಯಮಿಗಳನ್ನು ಬೆಳೆಸಲು ವರ್ಷಗಳಿಂದ ದುಡಿಯುತ್ತಿದೆ. ದುಡ್ಡು ಬರುವ ದಾರಿ ಹೆಚ್ಚಾಗಿವೆ. ಆದರೆ ದುಡ್ಡು ಬಂದ ಮೇಲೆ ಯಾವುದು ಯಾರದ್ದಾಯಿತು ಎಂದು ಕೇಳುವವರು ಕಡಿಮೆ.

ಕಾನೂನಿನಲ್ಲೇ ಇದರ ಬೇರು ಇದೆ. ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ನೋಂದಾಯಿಸಿದ ಸಂಸ್ಥೆ ವ್ಯಾಪಾರ ಮಾಡಬಹುದು, ಲಾಭ ಗಳಿಸಬಹುದು, ಸದಸ್ಯರಿಗೆ ಮಾತ್ರ ಲಾಭಾಂಶ ಹಂಚುವಂತಿಲ್ಲ. ಕೇಳಲು ಪವಿತ್ರವಾಗಿದೆ. ಆದರೆ ದಿನಕ್ಕೆ ನೂರಿನ್ನೂರು ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಅದರಿಂದ ಕೂಲಿ ಸಿಗುತ್ತದೆ, ಪಾಲು ಸಿಗುವುದಿಲ್ಲ. 2002ರ ತಿದ್ದುಪಡಿಯಿಂದ ಬಂದ ಉತ್ಪಾದಕರ ಕಂಪನಿ ಹಾಗಲ್ಲ: ಹತ್ತು ಮಂದಿ ಉತ್ಪಾದಕರು ಸೇರಿದರೆ ಸಾಕು, ಒಬ್ಬರಿಗೆ ಒಂದು ಮತ, ಉಳಿದದ್ದರಲ್ಲಿ ಪಾಲು. ಗೃಹ ಕೈಗಾರಿಕೆಯವರಿಗೂ ಅದರಲ್ಲಿ ಜಾಗ ಇದೆ. ಚಿಗವ್ವನ ಗುಂಪಿನಲ್ಲಿ ಇರುವವರೂ ಸರಿಯಾಗಿ ಹತ್ತೇ ಮಂದಿ. ಮೂರು ವರ್ಷದಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಎಲ್ಲದಕ್ಕೂ ಬೆಲೆ ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿಯ ಅಕ್ಷಯ ಪಾತ್ರ ಅಡುಗೆಮನೆಯಿಂದ ಶಾಲೆಗೆ ಹೋಗುವ ಬಿಸಿಯೂಟವನ್ನು ಮಕ್ಕಳಿಗೆ ಮಾರಲು ಬರುತ್ತದೆಯೇ? ಅಲ್ಲಿ ಸರಕಾರವೂ ದಾನಿಗಳೂ ಬೇಕೇ ಬೇಕು. ದುಡಿದು ಮಾರುವವರ ವಿಷಯ ಬೇರೆ.

ಮುಂಬೈಯನ್ನು ನೋಡಿ ಕಲಿಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ಗಿರಗಾಂವದ ಮಾಳಿಗೆಗಿಂತ ಐವತ್ತನಾಲ್ಕು ವರ್ಷ ಮುಂಚೆ, 1905ರಲ್ಲಿ, ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದರು. ಅಲ್ಲಿ ಸಾಲ ಪಡೆದ ರೈತ ಸಂಘದ ಸದಸ್ಯನೂ ಆಗಿದ್ದ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ 1957ರಿಂದ ಇದೆ; ಆರು ಇಂಚಿನಿಂದ ಇಪ್ಪತ್ತೊಂದು ಅಡಿ ಉದ್ದದವರೆಗೆ ಒಂಬತ್ತು ಅಳತೆಯ ರಾಷ್ಟ್ರಧ್ವಜ ಹೊಲಿಯುವ ಅಲ್ಲಿನ ಹೆಣ್ಣುಮಕ್ಕಳ ಕೈಯನ್ನು ಒಮ್ಮೆ ನೋಡಬೇಕು. 2021ರ ಡಿಸೆಂಬರ್‌ನಲ್ಲಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಾಗ ಪೆಟ್ಟು ಬಿದ್ದದ್ದು ಆ ಕೈಗಳಿಗೆ. ಇನ್ನು ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದವರು ಬೀಜ ಬ್ಯಾಂಕು, ಸಿರಿಧಾನ್ಯದ ಘಟಕ ಎರಡನ್ನೂ ತಾವೇ ನಡೆಸುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂದಾಗ ನಾನು ಲೋಕಲ್ ರೈಲಿನಲ್ಲಿ ನಿಂತು ಆ ಸುದ್ದಿಯನ್ನು ಎರಡು ಸಲ ಓದಿದೆ.

ಊರಿನಿಂದ ಹೊರಡುವ ಹಿಂದಿನ ರಾತ್ರಿ ಚಿಗವ್ವನಿಗೆ ಮಾವಶಿಯ ಕಥೆ ಹೇಳಿದೆ. ಎಲ್ಲ ಕೇಳಿ, "ಲುಕ್ಸಾನಾದ್ರ ಯಾರು ತುಂಬ್ತಾರ?" ಅಂದಳು. ಎಲ್ಲರೂ ಸೇರಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಲೆಕ್ಕದ ಪುಸ್ತಕಾನೂ ನಮ್ಮ ಕೈಯಾಗ ಇರಬೇಕಾಕ್ಕೈತಿ" ಎಂದಳು. ಮೊಮ್ಮಗಳ ಪಾಟಿಚೀಲದಿಂದ ಒಂದು ಹೊಸ ನೋಟುಬುಕ್ಕು ತರಿಸಿದಳು. ಮೊದಲ ಪುಟದಲ್ಲಿ ಹತ್ತು ಹೆಸರು ಬರೆಯಲು ಹೇಳಿದಳು, ತನ್ನದನ್ನು ಕೊನೆಗೆ.