ಬಾನ್‌ಶೀಯ ಅಳು ಎಲ್ಲಿ ಹೋಯ್ತು?

ಐರ್ಲೆಂಡಿನ ಜನಪದ ಕತೆಗಳ ಮೇಲೆ ಬರೆದ ಪ್ರೇಮ ಕಾದಂಬರಿ ಅಂತ ಆಸೆಯಿಂದ ತಗೊಂಡೆ. ಓದಿ ಮುಗಿಸಿದ ಮೇಲೆ ಹೊಟ್ಟೆ ಉರಿಯುತ್ತಿದೆ. ಅಲ್ಲಿನ ಕತೆಗಳಲ್ಲಿ ಬರುವ ಬಾನ್‌ಶೀ ಎಂಬ ಮಾಯಾ ಹೆಣ್ಣನ್ನು ಕಿರುಚಿ ಕಿರುಚಿ ಕೊಲ್ಲುವ ರಾಕ್ಷಸಿ ಮಾಡಿಬಿಟ್ಟಿದ್ದಾರೆ! ಅವಳು ಕೊಲ್ಲುವವಳಲ್ಲ. ಹಳೇ ಮನೆತನಗಳಲ್ಲಿ ಸಾವಿಗೆ ಮುಂಚೆ ಬಂದು ಅಳುವವಳು. ಉದ್ದ ಕೂದಲು ಬಾಚಿಕೊಳ್ಳುತ್ತಾ ಕೂತಿರುತ್ತಾಳಂತೆ. ದಾರಿಯಲ್ಲಿ ಬಾಚಣಿಗೆ ಬಿದ್ದಿದ್ದರೆ ಮುಟ್ಟಬೇಡ ಅಂತ ಅಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ಎಂಥ ಚಂದದ ಭಯ ಅದು, ಅಲ್ವಾ? ಅದರ ಬಗ್ಗೆ ಒಂದು ಸಾಲೂ ಇಲ್ಲ. ನಾಯಕನ ತೋಳು, ಎದೆಯ ವರ್ಣನೆಯೇ ಜಾಸ್ತಿ.

ಶೀ ಅಂದರೆ ಅಲ್ಲಿನ ಕತೆಗಳ ಮಾಯಾಜನ; ಅವರ ಲೋಕದ ರಾಜಕುಮಾರ ಅವನು. ಆದರೂ ತನ್ನವರದೇ ಅಂತ ಜನ ನಂಬುವ, ಮುಳ್ಳಿನ ಹಾಥಾರ್ನ್ ಗಿಡವನ್ನು ಒಂದೇ ಏಟಿಗೆ ಕಡಿಯುತ್ತಾನೆ. 1999ರಲ್ಲಿ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಹೊಸ ರಸ್ತೆಗೆ ಅಡ್ಡ ಬಂದ ಅಂಥದೇ ಒಂದು ಗಿಡವನ್ನು ಹೋರಾಡಿ ಉಳಿಸಿಕೊಂಡಿದ್ದಾರೆ. ಅಂಥದ್ದನ್ನು ಸುಮ್ನೆ ಕಡಿದುಹಾಕೋದಾ?