ದೇವರು ಅಂತ ನಂಬಿದ್ರಾ?

ಲೇಖನ ಇಷ್ಟವಾಯಿತು. ಆದರೆ ಮೆಕ್ಸಿಕೋದ ಅಜ್ಟೆಕ್ ದೊರೆ ಮೊಕ್ಟೆಸುಮಾ, ದಂಡೆತ್ತಿ ಬಂದ ಸ್ಪೇನಿನ ಕೋರ್ಟೆಸ್‌ನನ್ನು ಕೆಟ್ಸಲ್‌ಕೋಟಲ್ ದೇವರೆಂದು ನಂಬಿ ಮೋಸಹೋದ ಅಂತ ಬರೆದಿದ್ದೀರಿ. ಅದನ್ನು ಓದಿ ಬೇಸರವಾಯಿತು. ಕೋರ್ಟೆಸ್ 1520ರಲ್ಲಿ ತನ್ನ ರಾಜನಿಗೆ ಬರೆದ ಉದ್ದನೆಯ ಪತ್ರದಲ್ಲಿ ಆ ದೇವರ ಹೆಸರೇ ಇಲ್ಲ. ಮೊಕ್ಟೆಸುಮಾ ಬಟ್ಟೆ ಸರಿಸಿ, ನಾನೂ ನಿಮ್ಮ ಹಾಗೇ ರಕ್ತ ಮಾಂಸದ ಮನುಷ್ಯ ಅಂತ ಮೈ ತೋರಿಸಿದ ಎಂದಿದೆ. ದೇವರ ಕತೆ ಬೆಳೆದದ್ದು ಹತ್ತಾರು ವರ್ಷ ಆದಮೇಲೆ, ಗೆದ್ದವರು ಆಳುತ್ತಿದ್ದಾಗ. ಒಂದಿಡೀ ಜನಾಂಗವನ್ನು ದಡ್ಡರು ಅಂದುಬಿಡುವುದು ಎಷ್ಟು ಸುಲಭ ಅಲ್ವಾ?

1519ರ ನವೆಂಬರ್ 8ರಂದು ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ದಾರಿಯಲ್ಲಿ ನಡೆದದ್ದನ್ನೇ ನೋಡಿ. ಕೋರ್ಟೆಸ್ ತಬ್ಬಿಕೊಳ್ಳಲು ಮುಂದೆ ಬಂದ. ದೊರೆಯ ಪಕ್ಕದಲ್ಲಿದ್ದವರು ಕೈ ಅಡ್ಡ ಹಿಡಿದು ತಡೆದರು, ಮೈ ಮುಟ್ಟಲು ಬಿಡಲಿಲ್ಲ. ಕೋರ್ಟೆಸ್ ಗಾಜಿನ ಮಣಿಸರ ಕೊಟ್ಟ. ಪ್ರತಿಯಾಗಿ ಕೆಂಪು ಚಿಪ್ಪಿನ ಹಾರಗಳು ಬಂದವು, ಒಂದೊಂದರಲ್ಲೂ ಹೆಚ್ಚುಕಡಿಮೆ ಗೇಣುದ್ದದ ಎಂಟು ಚಿನ್ನದ ಸೀಗಡಿ!

ಮಾತು ದಾಟಿದ ಬಗೆಯನ್ನೂ ಮರೆಯಬಾರದು. ಮಲಿಂಟ್ಸಿನ್ ಎಂಬ ಹೆಣ್ಣುಮಗಳು ಅಜ್ಟೆಕ್ ಜನರ ನಹುವಾಟ್ಲ್ ಮಾತನ್ನು ಮಾಯಾ ಭಾಷೆಗೆ ತರುತ್ತಿದ್ದಳು. ಹಡಗೊಡೆದು ಎಂಟು ವರ್ಷ ಮಾಯಾ ಜನರ ನಡುವೆ ಬದುಕಿದ್ದ ಅಗಿಲಾರ್ ಎಂಬ ಸ್ಪೇನಿನವನು ಅದನ್ನು ಸ್ಪ್ಯಾನಿಷ್‌ಗೆ ತರುತ್ತಿದ್ದ. ದೊರೆಯೊಬ್ಬ ಸೌಜನ್ಯಕ್ಕೆ "ಇದು ನಿಮ್ಮದೇ ಮನೆ" ಅಂದಿದ್ದರೆ, ಎರಡು ಬಾಯಿ ದಾಟಿ ಅದು ಏನಾಗಿರಬಹುದು? ಆ ಹುಡುಗಿಯನ್ನು ಮೆಕ್ಸಿಕೋ ಕರಾವಳಿಯ ಟಬಾಸ್ಕೊದಲ್ಲಿ ಇನ್ನೂ 19 ಹೆಂಗಸರ ಜೊತೆ ಸ್ಪೇನಿನವರಿಗೆ ಕಾಣಿಕೆಯಾಗಿ ಕೊಟ್ಟಿದ್ದರು. ಅವಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ದಯವಿಟ್ಟು ಸೇರಿಸಿ.