ಹರಕೆ ಅಮ್ಮನದು, ಹೆಜ್ಜೆ ನನ್ನದು

ಗುರಿ ಇಟ್ಟುಕೊಳ್ಳುವ ವಿಷಯದಲ್ಲಿ ನಾನು ಎಂದೂ ಜಿಪುಣತನ ತೋರಿದವನಲ್ಲ. ಜನವರಿ ಒಂದಕ್ಕೆ ಒಂದು ಕಂತು, ಯುಗಾದಿಗೆ ಇನ್ನೊಂದು, ಹುಟ್ಟುಹಬ್ಬಕ್ಕೆ ಮತ್ತೊಂದು, ಇವುಗಳಲ್ಲಿ ಕೈಬಿಟ್ಟುಹೋದದ್ದನ್ನು ವಿಜಯದಶಮಿಗೆ ಮತ್ತೆ ಎತ್ತಿಕೊಳ್ಳುವುದು ಎಂಬ ಏರ್ಪಾಡು ಬಹುಕಾಲದಿಂದ ನಡೆದುಬಂದಿದೆ. ಇದಕ್ಕೆ ಶಾಸ್ತ್ರದ ಬೆಂಬಲವೂ ಉಂಟೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಮೆರಿಕದ ಮೂವರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರ, ತಿಂಗಳು, ವರ್ಷಗಳ ಆರಂಭದಲ್ಲಿಯೂ ಹುಟ್ಟುಹಬ್ಬದ ನಂತರದ ದಿನಗಳಲ್ಲಿಯೂ ಜನರು ಜಿಮ್‌ಗೆ ಹೋಗುವುದು ಹೆಚ್ಚುತ್ತದೆ. ಹಳೆಯ ಸೋಮಾರಿತನವನ್ನೆಲ್ಲ ಕಳೆದ ವರ್ಷದ ಖಾತೆಗೆ ಬರೆದು ಹೊಸ ಮನುಷ್ಯನಾಗಿ ಹೊರಟೆನೆಂಬ ಭಾವನೆಯೇ ಇದಕ್ಕೆ ಕಾರಣವಂತೆ. ಆ ಮೂವರು ನಮ್ಮ ಪಂಚಾಂಗವನ್ನು ತೆರೆದು ನೋಡಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ವರ್ಷಕ್ಕೆ ಇಷ್ಟೊಂದು ಆರಂಭಗಳು ಸಿಗುವ ನಾಡಿನಲ್ಲಿ ಇವತ್ತೇ ಆರಂಭಿಸಬೇಕೆಂಬ ದರ್ದು ಯಾರಿಗೂ ಇರುವುದಿಲ್ಲ. ಮಂಗಳವಾರ ಹೊಸದನ್ನು ಹಿಡಿಯಬಾರದು, ಅಷ್ಟಮಿ ನವಮಿ ಕೂಡದು, ಆಷಾಢ ಬೇಡ, ಅಮಾವಾಸ್ಯೆಯ ಮಾತೇ ಇಲ್ಲ. ಇವನ್ನೆಲ್ಲ ಕಳೆದು ಉಳಿಯುವ ಒಳ್ಳೆಯ ದಿನಗಳಲ್ಲಿ ಯಾರದಾದರೂ ಮದುವೆ ಇರುತ್ತದೆ, ಮದುವೆಯೂಟದ ದಿನ ಪಥ್ಯ ಹಿಡಿದವನನ್ನು ನಾನಂತೂ ಕಂಡಿಲ್ಲ.

ಕಳೆದ ವರ್ಷ ವೈದ್ಯರು ನನ್ನ ಸಕ್ಕರೆಯ ವರದಿಯನ್ನು ನೋಡಿ ಹುಬ್ಬೇರಿಸಿದ ಮೇಲೆ ಎರಡು ಗುರಿಗಳನ್ನು ಘೋಷಿಸಿದೆ: ದಿನಕ್ಕೆ 10,000 ಹೆಜ್ಜೆ ನಡೆಯುವುದು, ಭಾನುವಾರಗಳಲ್ಲಿ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಹಾದಿಯಲ್ಲಿ ಹತ್ತುವುದು. ಘೋಷಿಸುವುದು ನನಗೆ ಕರಗತವಾದ ವಿದ್ಯೆ. ಜರ್ಮನಿಯಲ್ಲಿರುವ ಮಗಳು ಅದನ್ನು ನಿಜವೆಂದು ನಂಬಿಬಿಟ್ಟದ್ದರಿಂದ ಎಡವಟ್ಟಾಯಿತು. ಮೈಸೂರಿಗೆ ಬರುತ್ತಿದ್ದ ಪರಿಚಿತರೊಬ್ಬರ ಕೈಯಲ್ಲಿ ಅವಳು ಹೆಜ್ಜೆ ಎಣಿಸುವ ವಾಚೊಂದನ್ನು ಕಳುಹಿಸಿದಳು. ಸಾಲದ್ದಕ್ಕೆ, ನಾನು ಇಲ್ಲಿ ಎಷ್ಟು ನಡೆದೆನೆಂಬ ಲೆಕ್ಕ ಅಲ್ಲಿ ಅವಳ ಮೊಬೈಲಿಗೆ ಹೋಗಿ ಬೀಳುವಂತೆ ವ್ಯವಸ್ಥೆಯನ್ನೂ ಮಾಡಿದಳು. ಹೆಣ್ಣುಮಕ್ಕಳನ್ನು ಚೆನ್ನಾಗಿ ಓದಿಸಿದ ತಂದೆಯರು ಮುಂದೊಂದು ದಿನ ಇಂಥದ್ದಕ್ಕೆಲ್ಲ ಸಿದ್ಧರಿರಬೇಕಾಗುತ್ತದೆ.

ಹತ್ತು ಸಾವಿರವೆಂಬ ಸಂಖ್ಯೆಯನ್ನು ಯಾವ ವೈದ್ಯನೂ ಕಂಡುಹಿಡಿದದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಹುರುಪು ಇನ್ನೂ ಆರದಿದ್ದಾಗ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರಿನಲ್ಲಿಯೇ ಹತ್ತು ಸಾವಿರ ಸೇರಿತ್ತು, ಅಲ್ಲಿಂದ ಹೊರಟ ಸಂಖ್ಯೆ ಜಗತ್ತಿನ ಕಾಲುಗಳನ್ನೆಲ್ಲ ಹಿಡಿದುಕೊಂಡಿತು. ಇದನ್ನು ಓದಿದ ದಿನ ನಾನು ವಾಚನ್ನು ಬಿಚ್ಚಿಟ್ಟು ಮಗಳಿಗೆ ಫೋನ್ ಮಾಡಿದೆ. ಅಷ್ಟೇ ಅಲ್ಲ, 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿಯೇ ಸಾವಿನ ಪ್ರಮಾಣ ಇಳಿದಿತ್ತೆಂದೂ 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲವೆಂದೂ ಅಂಕಿಅಂಶಗಳ ಸಮೇತ ವಾದ ಮಂಡಿಸಿದೆ. ಆಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ, ಓದುತ್ತಿದ್ದಳೆಂದು ಕಾಣುತ್ತದೆ. “ಅಪ್ಪಾ, ಅದರಲ್ಲಿದ್ದವರೆಲ್ಲ ಹೆಂಗಸರು, ಸರಾಸರಿ ವಯಸ್ಸು ಎಪ್ಪತ್ತೆರಡು. ಅದು ಅಜ್ಜಿಗೆ ಅನ್ವಯಿಸುತ್ತೆ, ನಿನಗಲ್ಲ” ಎಂದಳು.

ಅಜ್ಜಿಯ ಹೆಸರು ಬಂದದ್ದೇ ಶಕುನವಾಯಿತೇನೋ. ರಾತ್ರಿ ಚಾರ್ಜಿಗೆ ಹಾಕಿದ ವಾಚು ಒಂದು ದಿನ ಅಡುಗೆಮನೆಯ ಕಟ್ಟೆಯ ಮೇಲೆಯೇ ಉಳಿದಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲೇಳುವ ನಮ್ಮಮ್ಮ, ಗಂಟೆ ನೋಡಲು ಅನುಕೂಲವೆಂದು ಅದನ್ನು ಮುಂಗೈಗೆ ಕಟ್ಟಿಕೊಂಡು, ವಾರದ ಕೆನೆಮೊಸರನ್ನೆಲ್ಲ ಗಡಿಗೆಗೆ ಸುರಿದು ಕಡೆಯಲು ಕುಳಿತಿದ್ದಾರೆ. ಕಡಗೋಲು ಅತ್ತಿತ್ತ ತಿರುಗಿದಂತೆಲ್ಲ ವಾಚು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ಮಾಡುತ್ತ ಹೋಗಿದೆ. ಮಧ್ಯಾಹ್ನದ ನಿದ್ದೆಯಲ್ಲಿದ್ದ ನನ್ನನ್ನು ಫೋನಿನಿಂದ ಎಬ್ಬಿಸಿದ ಮಗಳು, “ಬೆಳಗಿನ ಜಾವವೇ ಇಷ್ಟು ನಡೆದಿದ್ದೀಯಲ್ಲಪ್ಪಾ, ಅದೂ ಎಲ್ಲೂ ನಿಲ್ಲದೆ ಒಂದೇ ವೇಗದಲ್ಲಿ!” ಎಂದು ಗದ್ಗದಿತಳಾದಳು. ನಾನು ನಿದ್ದೆಗಣ್ಣಿನಲ್ಲಿ ವಿಷಯವೇನೆಂದು ಅರ್ಥಮಾಡಿಕೊಳ್ಳುವಷ್ಟರಲ್ಲಿ ಗುರಿ 12,000ಕ್ಕೆ ಏರಿಯಾಗಿತ್ತು. ಅಳತೆಯನ್ನೇ ಗುರಿ ಮಾಡಿಕೊಂಡರೆ ಅಳತೆ ಕೆಟ್ಟುಹೋಗುತ್ತದೆ ಎಂಬರ್ಥದ ನಿಯಮವೊಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿದೆ. ನಮ್ಮ ಮನೆಯಲ್ಲಿ ಅದರ ಜೊತೆಗೆ ಬೆಣ್ಣೆಯೂ ಬಂದಿತು. ಆ ಬೆಣ್ಣೆ ಮರುದಿನ ನನ್ನ ದೋಸೆಯ ಮೇಲೆಯೇ ಕರಗಿತೆಂಬುದನ್ನು ವಾಚು ಎಲ್ಲಿಯೂ ದಾಖಲಿಸಲಿಲ್ಲ.

ಇನ್ನು ಬೆಟ್ಟದ ವಿಚಾರ. ಸಾವಿರದಷ್ಟು ಮೆಟ್ಟಿಲುಗಳ ಆ ಹಾದಿಯನ್ನು ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದರು. ಹಾದಿಯ ಅರ್ಧವನ್ನು ದಾಟಿದ ಮೇಲೆ, ಪೂರ್ತಿಯಾಗುವುದಕ್ಕೆ ಇನ್ನೂ ಸಾಕಷ್ಟು ಉಳಿದಿರುವಾಗ ಸಿಗುವ ದೊಡ್ಡ ನಂದಿಯೂ ಅವರ ಕಾಲದ್ದೇ. ನನ್ನಂಥವರ ಪಾಲಿಗೆ ಒಡೆಯರು ಮಾಡಿದ ನಿಜವಾದ ಉಪಕಾರವೆಂದರೆ ಆ ನಂದಿ. ಅಲ್ಲಿಗೆ ಡಾಂಬರು ರಸ್ತೆಯಿದೆ, ಎಳನೀರಿದೆ, ಉಪ್ಪುಖಾರ ಸವರಿದ ಸೌತೆಕಾಯಿಯಿದೆ, ಫೋಟೊದಲ್ಲಿ ನಂದಿಯ ಕೊರಳ ಗಂಟೆಸರ ಬಹಳ ಸೊಗಸಾಗಿ ಬರುತ್ತದೆ, ಫೋಟೊ ನೋಡಿದವರಾರೂ ಆಮೇಲೆ ಮೇಲಕ್ಕೆ ಹೋದಿರೋ ಕೆಳಕ್ಕೆ ಇಳಿದಿರೋ ಎಂದು ವಿಚಾರಿಸುವುದಿಲ್ಲ. ಪಾದರಕ್ಷೆಗೆ ನಾಲ್ಕು ಸಾವಿರ ಸುರಿದ ಗುರಿಕಾರರೆಲ್ಲ ನಂದಿಯ ಕಟ್ಟೆಯ ಮೇಲೆ ಕುಳಿತು ತಮ್ಮತಮ್ಮ ಹೃದಯಬಡಿತವನ್ನು ಹೋಲಿಸಿಕೊಳ್ಳುತ್ತಿದ್ದರೆ, ಬರಿಗಾಲಿನ ಹೆಂಗಸರು ಸೆರಗು ಸಿಕ್ಕಿಸಿ, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ, ನಮ್ಮ ಕಡೆ ತಿರುಗಿಯೂ ನೋಡದೆ ಹತ್ತಿಹೋಗುತ್ತಾರೆ. ಅವರಲ್ಲಿ ಒಬ್ಬರೂ ನಂದಿಯ ಹತ್ತಿರ ಕುಂಕುಮದ ಬಟ್ಟಲನ್ನು ಮುಚ್ಚಿಟ್ಟು ವಾಪಸಾದದ್ದನ್ನು ನಾನು ನೋಡಿಲ್ಲ.

ಅದರ ಗುಟ್ಟು ನಮ್ಮ ದೇವರಮನೆಯಲ್ಲಿಯೇ ಇತ್ತು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಅಂಗೈಯಗಲದ ಬಟ್ಟೆ, ಅದರೊಳಗೆ ಹನ್ನೊಂದು ರೂಪಾಯಿ, ಬಿಚ್ಚಲು ಉಗುರೂ ಹಲ್ಲೂ ಎರಡೂ ಬೇಕಾಗುವಂಥ ಗಂಟು, ಇದು ಮುಡಿಪು. ಮಗಳು ಬಸುರಿಯೆಂದು ತಿಳಿದ ವಾರ ಅಮ್ಮ ಇದನ್ನು ಕಟ್ಟಿಟ್ಟದ್ದು ನನಗೆ ಗೊತ್ತಿತ್ತು, ಕಟ್ಟಿದಾಗ ತಾಯಿ ಚಾಮುಂಡಿಗೆ ಏನೆಂದು ಮಾತು ಕೊಟ್ಟರೆಂಬುದು ಗೊತ್ತಿರಲಿಲ್ಲ. ಫಿಲಿಪೀನ್ಸ್‌ನಲ್ಲಿ ಸಿಗರೇಟು ಬಿಡಬೇಕೆಂದವರಿಂದ ಬ್ಯಾಂಕೊಂದರಲ್ಲಿ ಹಣ ಇಡಿಸಿ, ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ನಿಕೋಟಿನ್ ಪತ್ತೆಯಾದರೆ ಹಣ ಮುಟ್ಟುಗೋಲು ಎಂಬ ಪ್ರಯೋಗವನ್ನು ಅರ್ಥಶಾಸ್ತ್ರಜ್ಞರು ನಡೆಸಿ 2010ರಲ್ಲಿ ಪ್ರಕಟಿಸಿದರು. ಅಂಥ ಅವಕಾಶ ಸಿಕ್ಕವರಲ್ಲಿ ಸಿಗರೇಟು ಬಿಟ್ಟವರ ಪ್ರಮಾಣ ತುಸು ಹೆಚ್ಚಿತ್ತು. ನಮ್ಮಮ್ಮನ ಪದ್ಧತಿ ಅದಕ್ಕಿಂತ ಒಂದು ಕೈ ಮೇಲೆ. ಇಲ್ಲಿ ಮಾತು ಕೊಡುವವರು ಒಬ್ಬರು, ನಡೆಸಿಕೊಡಬೇಕಾದವರು ಇನ್ನೊಬ್ಬರು. ಹೆರಿಗೆ ಸುಸೂತ್ರವಾಗಿ ಆಗಿ, ತೊಟ್ಟಿಲ ಶಾಸ್ತ್ರವನ್ನು ಎಲ್ಲರೂ ವಿಡಿಯೊದಲ್ಲಿ ನೋಡಿ ಮುಗಿಸಿದ ಸಂಜೆ ಅಮ್ಮ ನನ್ನನ್ನು ಕರೆದು, “ನನ್ನ ಮಗ ಅಷ್ಟೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾನೆ ಅಂತ ಹೇಳಿಕೊಂಡಿದ್ದೆ ಕಣೋ, ಬರೋ ಶುಕ್ರವಾರ ಹೋಗಿಬಂದುಬಿಡು” ಎಂದರು. ನನ್ನನ್ನು ಒಂದು ಮಾತು ಕೇಳಬೇಡವೇ ಎಂದದ್ದಕ್ಕೆ, “ನಿನ್ನ ತಲೆಗೂದಲು ತಿರುಪತಿಗೆ ಕೊಟ್ಟಾಗ ನಿನ್ನನ್ನ ಕೇಳಿದ್ದೆನೇನು?” ಎಂಬ ಉತ್ತರ ಬಂದಿತು.

ಅವರ ಸಿದ್ಧತೆಯನ್ನು ನೋಡಿದರೆ ನನ್ನ ಘೋಷಣೆಗಳೆಲ್ಲ ಎಷ್ಟು ಪೊಳ್ಳೆಂದು ತಿಳಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಸರ್ 1999ರ ತಮ್ಮ ಲೇಖನವೊಂದರಲ್ಲಿ, ಮಾಡುತ್ತೇನೆಂದರೆ ಸಾಲದು, ಯಾವಾಗ, ಎಲ್ಲಿ, ಹೇಗೆ ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಂಡಿರಬೇಕೆಂದು ವಾದಿಸಿದ್ದಾರೆ. ಅಮ್ಮ ಆ ಲೇಖನವನ್ನು ಓದದೆಯೇ, ಶುಕ್ರವಾರ ಬೆಳಗ್ಗೆ ಐದೂವರೆಗೆ ಪಾದದ ಹತ್ತಿರ, ಬಲಗೈಯ ಉಂಗುರದ ಬೆರಳಿನಿಂದ, ಮೊದಲು ಅರಿಶಿನ ಆಮೇಲೆ ಕುಂಕುಮ, ಮೆಟ್ಟಿಲಿನ ನಡುವೆ ಬೇಡ, ಕಾಲಿಗೆ ಸಿಕ್ಕದಂತೆ ಅಂಚಿಗೆ, ನಂದಿಯ ಹತ್ತಿರ ಕೂರಕೂಡದು ಎಂದು ಅಪ್ಪಣೆ ಕೊಟ್ಟರು. ಕೊನೆಯ ಷರತ್ತು ಅವರಿಗೆ ಹೇಗೆ ಹೊಳೆಯಿತೆಂಬ ಬಗ್ಗೆ ನನ್ನ ಹೆಂಡತಿಯ ಮೇಲೆ ನನಗೆ ಇಂದಿಗೂ ಗುಮಾನಿಯಿದೆ. ದೇವರಾಜ ಮಾರುಕಟ್ಟೆಯಲ್ಲಿ ಗೋಪುರದ ಹಾಗೆ ಪೇರಿಸಿದ ರಾಶಿಯಿಂದ ಅವಳು ಕೊಂಡುತಂದ ಕುಂಕುಮವನ್ನು ನೋಡಿದರೆ, ಬೆಟ್ಟದಿಂದಿಳಿದು ಮನೆಯವರೆಗೂ ಹಚ್ಚಿಕೊಂಡು ಬರಬಹುದಿತ್ತು.

ಶುಕ್ರವಾರ ನಾನು ಹತ್ತಿದೆ. ಮೊದಲ ನೂರು ಮೆಟ್ಟಿಲು ಭಕ್ತಿಯಿಂದಲೂ ಮುಂದಿನ ನೂರು ಮರ್ಯಾದೆಯಿಂದಲೂ ಆದವು. ಅಲ್ಲಿಂದಾಚೆಗೆ ಸೊಂಟವು ತನ್ನ ಅಸ್ತಿತ್ವವನ್ನು ಪ್ರತಿ ಮೆಟ್ಟಿಲಿಗೂ ಘೋಷಿಸತೊಡಗಿತು. ಬಟ್ಟಲು ಎಡಗೈಯಲ್ಲಿ, ವಾಚೂ ಅದೇ ಕೈಯಲ್ಲಿ. ಕುಂಕುಮ ಚೆಲ್ಲಬಾರದೆಂದು ಎಡಗೈಯನ್ನು ಅಲುಗಿಸದೆ ಹಿಡಿದಿದ್ದರಿಂದ ವಾಚು ನಾನು ಎಲ್ಲಿಯೋ ಕುಳಿತಿದ್ದೇನೆಂದು ತೀರ್ಮಾನಿಸಿ, ಬೆವರಿಳಿಸಿಕೊಂಡು ಬಗ್ಗಿದ್ದವನ ಮುಂಗೈಯನ್ನು ಗುರ್ರೆಂದು ಕುಟುಕಿ, ಬಹಳ ಹೊತ್ತು ಕುಳಿತಿದ್ದೀರಿ, ಎದ್ದು ಸ್ವಲ್ಪ ನಡೆಯಿರಿ ಎಂದು ಬುದ್ಧಿ ಹೇಳಿತು. ನಂದಿಯ ಹತ್ತಿರ ಪರಿಚಯದ ಗುರಿಕಾರರಿಬ್ಬರು ಸೌತೆಕಾಯಿ ಹಿಡಿದುಕೊಂಡೇ ಕೈಮುಗಿದರು. ನಿಲ್ಲಬೇಕೆನಿಸಿತು. ಆದರೆ ಅಲ್ಲಿ ನಿಂತು ಇಳಿದುಬಿಟ್ಟರೆ ಉಳಿದ ಮೆಟ್ಟಿಲುಗಳ ಲೆಕ್ಕವನ್ನು ಮೊಮ್ಮಗುವಿನ ಹೆಸರಿನಲ್ಲಿ ಯಾರಿಗೆ ಒಪ್ಪಿಸುವುದು? ನನ್ನ ಸಕ್ಕರೆಯಾದರೆ ನನ್ನೊಬ್ಬನದು, ಅದರೊಡನೆ ಎಷ್ಟು ಚೌಕಾಸಿಯನ್ನಾದರೂ ಮಾಡಬಹುದಿತ್ತು. ಮಹಿಷಾಸುರನ ವಿಗ್ರಹ ಕಣ್ಣಿಗೆ ಬೀಳುವ ಹೊತ್ತಿಗೆ ಬಿಸಿಲೇರಿತ್ತು, ನನ್ನ ಬೆರಳು ಅರಿಶಿನವೋ ಕುಂಕುಮವೋ ಎಂದು ಹೇಳಲಾಗದ ಬಣ್ಣಕ್ಕೆ ತಿರುಗಿತ್ತು.

ಸಂಜೆ ಮಗಳ ಫೋನು. “ಇವತ್ತು ನಡೆದೇ ಇಲ್ವಲ್ಲಪ್ಪಾ?” ಎಂಬ ಅವಳ ಆಕ್ಷೇಪಕ್ಕೆ ಮಲಗಿದ್ದಲ್ಲಿಂದ ಉತ್ತರಿಸುವ ಶಕ್ತಿ ನನಗಿರಲಿಲ್ಲ; ಅಮ್ಮ ಫೋನು ತೆಗೆದುಕೊಂಡು ನಡೆದದ್ದನ್ನು ಸವಿಸ್ತಾರವಾಗಿ ತಿಳಿಸಿದರು. ಅಂದಿನಿಂದ ಮಗಳು ವಾಚಿನ ಲೆಕ್ಕ ಕೇಳುವುದನ್ನು ಬಿಟ್ಟಿದ್ದಾಳೆ. ಅಜ್ಜಿಗೇ ನೇರವಾಗಿ ಫೋನ್ ಮಾಡುತ್ತಾಳೆ, ಇಬ್ಬರೂ ದನಿ ತಗ್ಗಿಸಿ ಮಾತನಾಡುತ್ತಾರೆ. ಅದರ ಮೊದಲ ಫಲವಾಗಿ ಮೈಸೂರು–ವಾರಣಾಸಿ ಎಕ್ಸ್‌ಪ್ರೆಸ್ಸಿನಲ್ಲಿ ಮೂರು ಟಿಕೆಟ್ ಕಾದಿರಿಸಲಾಗಿದೆ. ಕಾಶಿಗೆ ಹೋದವರು ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟುಬರುವ ಪದ್ಧತಿಯುಂಟು. ನಮ್ಮ ಸೋದರಮಾವನವರು ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನು ಗಂಗೆಯ ದಡದಲ್ಲಿ ಕಣ್ಣೀರಿಟ್ಟು ತ್ಯಜಿಸಿ ಬಂದವರು. ಆ ಪರಂಪರೆಯನ್ನು ಮುಂದುವರಿಸುವ ಉದ್ದೇಶದಿಂದ ನಾನು ಪಡವಲಕಾಯಿಯ ಹೆಸರನ್ನು ಸೂಚಿಸಿದೆ. ನನಗಾಗಿ ಬೇರೆಯದನ್ನು ಈಗಾಗಲೇ ಆರಿಸಿಯಾಗಿದೆಯೆಂದು ಹೆಂಡತಿಯಿಂದ ತಿಳಿಯಿತು. ದಿನಕ್ಕೆ ಐದು ಬಾರಿ, ಎರಡೆರಡು ಚಮಚ ಸಕ್ಕರೆಯೊಡನೆ ನಾನು ಕುಡಿಯುವ ಕಾಫಿ ಹಣ್ಣೂ ಅಲ್ಲ, ತರಕಾರಿಯೂ ಅಲ್ಲ, ಆದ್ದರಿಂದ ಅದನ್ನು ಕಾಶಿಯಲ್ಲಿ ಬಿಡಲು ಶಾಸ್ತ್ರದಲ್ಲಿ ಅವಕಾಶವಿಲ್ಲವೆಂದು ಅಮ್ಮನ ಮುಂದೆ ಬಲವಾಗಿಯೇ ವಾದಿಸಿದೆ.

ಚಿಕ್ಕಮಗಳೂರಿನಲ್ಲಿ ಹುಟ್ಟಿ ಬೆಳೆದ ಅಮ್ಮ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ, “ಗಿಡದಲ್ಲಿರುವಾಗ ಹಣ್ಣೇ ಅಲ್ಲವೇನೋ” ಎಂದರು.